ಮುಳುಗಿದ ಹೊಲಗಳು, ಉಳಿದ ದೇವಾಲಯ

ಊರು ಎಂದರೇನು ಎಂಬ ಪ್ರಶ್ನೆ ಮೇಲುನೋಟಕ್ಕೆ ಮಕ್ಕಳ ಪ್ರಶ್ನೆಯಂತೆ ತೋರುತ್ತದೆ. ಮನೆಗಳ ಗುಂಪೇ ಊರು ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ನಮ್ಮ ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಂತಹ ಒಕ್ಕಲುತನದ ಊರಿನ ಹಿರಿಯರನ್ನು ಕೇಳಿದರೆ ಉತ್ತರ ಅಷ್ಟು ಬೇಗ ಮುಗಿಯುವುದಿಲ್ಲ. ಗಾಂವಠಾಣದೊಳಗಿನ ಮನೆಗಳು ಊರಿನ ಒಂದು ಪಾಲು ಮಾತ್ರ. ಎರೆ ಹೊಲ, ಮಸಾರಿ ಹೊಲ, ದನ ಮೇಯುವ ಗಾಯರಾಣ, ಕೆರೆ, ಕೆರೆಯ ಕೆಳಗಿನ ಗದ್ದೆ, ಬಂಡಿಯ ಹಾದಿ, ದೇವರ ಸ್ಥಳ, ಸತ್ತವರನ್ನು ಮಣ್ಣು ಮಾಡುವ ನೆಲ ಇವೆಲ್ಲವೂ ಕೂಡಿದಾಗಲೇ ಅದು ಊರೆನಿಸುತ್ತದೆ. ಮನೆಗಳನ್ನು ಮಾತ್ರ ಬೇರೆಡೆಗೆ ಒಯ್ದರೆ ಊರನ್ನು ಒಯ್ದಂತಾಗುವುದಿಲ್ಲ.

ಈ ವಾರ ನಾವು ಓದುಗರ ಮುಂದಿಡಬಯಸುವುದು ಹೀಗೆ ನೆಲದಿಂದ ಬಿಡಿಸಲ್ಪಟ್ಟ ಎರಡು ರೈತ ಗ್ರಾಮಗಳ ವೃತ್ತಾಂತವನ್ನು. ಒಂದು ನಮ್ಮದೇ ಕರ್ನಾಟಕದ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ. ಇನ್ನೊಂದು ನಮ್ಮ ಪ್ರಭು ಯೇಸುಕ್ರಿಸ್ತರು ನಡೆದಾಡಿದ ಗಲಿಲೇಯ ಸೀಮೆಯ ಇಕ್ರಿತ್ ಎಂಬ ಪ್ಯಾಲೆಸ್ತೀನಿ ಗ್ರಾಮ. ಎರಡೂ ಕಥೋಲಿಕ ಕ್ರೈಸ್ತರು ಉತ್ತು ಬಿತ್ತಿ ಬಾಳಿದ ಊರುಗಳು. ಎರಡರಲ್ಲೂ ಜನ ಹೋದರು, ದೇವಾಲಯದ ಗೋಡೆಗಳು ಉಳಿದವು. ಒಂದನ್ನು ನೀರು ತೆಗೆದುಕೊಂಡಿತು, ಮತ್ತೊಂದನ್ನು ಯುದ್ಧ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಜೊತೆಯಲ್ಲಿಟ್ಟು ನೋಡಿದಾಗ ನಮಗೆ ತಿಳಿಯುವ ಸಂಗತಿಗಳಿವೆ.

ಹೇಮಾವತಿಯ ದಂಡೆ

ಹೇಮಾವತಿ ನದಿಯು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲೂಕಿನಲ್ಲಿ, ಬಲ್ಲಾಳರಾಯನ ದುರ್ಗದ ಪರಿಸರದಲ್ಲಿ ಹುಟ್ಟುತ್ತದೆ. ಸಕಲೇಶಪುರದ ಕಾಫಿ ತೋಟಗಳ ನಡುವೆ ಇಳಿದು, ಹಾಸನದ ಬಯಲನ್ನು ಹಾಯ್ದು, ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಶೆಟ್ಟಿಹಳ್ಳಿಯಿದ್ದುದು ಹಾಸನ ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಈ ಹೊಳೆಯ ದಂಡೆಯಲ್ಲಿ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ನೆಲ ಅದು. ಹಾನಗಲ್ಲಿನಿಂದ ಶಿಗ್ಗಾವಿಯವರೆಗಿನ ನಮ್ಮ ಅರೆಮಲೆನಾಡನ್ನು ಬಲ್ಲವರಿಗೆ ಆ ನೆಲದ ಗುಣವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತಗ್ಗಿನಲ್ಲಿ ಭತ್ತ, ದಿಣ್ಣೆಯಲ್ಲಿ ರಾಗಿ, ಅದರಾಚೆ ದನಗಳಿಗೆ ಮೇವು. ನಾವು ಗಾಯರಾಣವೆನ್ನುವುದನ್ನು ಹಳೆಯ ಮೈಸೂರಿನವರು ಗೋಮಾಳವೆನ್ನುತ್ತಾರೆ. ಹೆಸರು ಬೇರೆಯಾದರೂ ಬಾಳು ಒಂದೇ.

ಈ ಸೀಮೆಯಲ್ಲಿ ಕ್ರೈಸ್ತ ರೈತ ಗ್ರಾಮಗಳು ಬೇರೂರಿದ್ದರ ಹಿಂದೆ ಒಬ್ಬ ಗುರುಗಳ ದುಡಿಮೆಯಿದೆ. ಫ್ರಾನ್ಸ್ ದೇಶದ ಅಬ್ಬೆ ದ್ಯುಬುವಾ ಅವರು 1792ರಲ್ಲಿ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳಾಗಿ ಭಾರತಕ್ಕೆ ಹೊರಟು ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ತರುವಾಯ, ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಕೂಡಿಸುವ ಹೊಣೆ ಅವರ ಪಾಲಿಗೆ ಬಂದಿತು. ಅವರು ಕಾವಿ ಬಣ್ಣವಲ್ಲದಿದ್ದರೂ ಈ ನಾಡಿನ ಉಡುಪನ್ನೇ ತೊಟ್ಟು, ನಾಡಿನ ಊಟವನ್ನೇ ಉಂಡು, ಜನರ ಬಾಯಲ್ಲಿ ‘ದೊಡ್ಡಸ್ವಾಮಿಯವರು’ ಎನಿಸಿಕೊಂಡರು. ಸಿಡುಬಿನ ಲಸಿಕೆಯನ್ನು ಮೈಸೂರಿನಲ್ಲಿ ಹಬ್ಬಿಸಿದವರಲ್ಲಿ ಅವರು ಪ್ರಮುಖರು. 1803-04ರ ವರದಿಯೊಂದರಲ್ಲಿ ಲಸಿಕೆ ಪಡೆದವರ ಸಂಖ್ಯೆ 25,432 ಎಂದಿದೆ.

ದ್ಯುಬುವಾ ಅವರ ಹೆಸರನ್ನು ಲೋಕವು ನೆನೆಯುವುದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ಅವರು ರಚಿಸಿದ ಗ್ರಂಥಕ್ಕಾಗಿ. ಆದರೆ ಹಾಸನದ ಕಡೆಯವರಿಗೆ ಅವರು ಬೇರೊಂದು ಕಾರಣಕ್ಕೆ ಸ್ಮರಣೀಯರು. ಸಾತಳ್ಳಿಯ ಪರಿಸರದಲ್ಲಿ ಅವರು ಕ್ರೈಸ್ತ ಕುಟುಂಬಗಳನ್ನು ನೆಲದ ಮೇಲೆ ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ಸೋಜಿಗದ ಸಂಗತಿಯೆಂದರೆ, 1823ರಲ್ಲಿ ಭಾರತವನ್ನು ಬಿಟ್ಟು ಹೊರಟಾಗ ಅವರು ತಮ್ಮ ಬೋಧನೆಯ ಫಲದ ವಿಷಯದಲ್ಲಿ ನಿರಾಶರಾಗಿದ್ದರು. ಇಲ್ಲಿ ಕ್ರೈಸ್ತಧರ್ಮ ಬೆಳೆಯಲಾರದೆಂದು ಪತ್ರಗಳಲ್ಲಿ ಬರೆದು ಪ್ರಕಟಿಸಿಯೂ ಬಿಟ್ಟರು. ಮಾತಿನ ಮೂಲಕ ಬಿತ್ತಿದ್ದರಲ್ಲಿ ಅವರಿಗೆ ಭರವಸೆ ಉಳಿದಿರಲಿಲ್ಲ. ಆದರೆ ಮಣ್ಣಿನಲ್ಲಿ ನೆಟ್ಟದ್ದು ಉಳಿಯಿತು. ಎರಡು ಶತಮಾನಗಳ ಬಳಿಕವೂ ಸಾತಳ್ಳಿಯ ಸುತ್ತಿನಲ್ಲಿ ಕನ್ನಡ ಮನೆಮಾತಿನ ಕಥೋಲಿಕ ರೈತರಿದ್ದಾರೆ. 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಹಾಸನ ಜಿಲ್ಲೆಯೂ ಸೇರಿದೆ.

ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯವನ್ನು ಫ್ರೆಂಚ್ ಗುರುಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಚೂಪು ಕಮಾನುಗಳ, ಎತ್ತರದ ಗೋಪುರದ ಗಾಥಿಕ್ ಶೈಲಿಯ ಕಟ್ಟಡ. ರಾಗಿ ಬೆಳೆಯುವ ಊರಿಗೆ ಇಷ್ಟು ದೊಡ್ಡ ದೇವಾಲಯವೇಕೆ ಎಂದು ಯಾರಾದರೂ ಕೇಳಬಹುದು. ನೆಲೆಯಿಲ್ಲದೆ ಅಲೆದ ಜನಕ್ಕೆ ನೆಲೆ ಸಿಕ್ಕಿತೆಂಬುದನ್ನು ಸಾರಿ ಹೇಳುವ ಕಟ್ಟಡ ಅದೆಂದು ನಾವು ತಿಳಿಯುತ್ತೇವೆ. ಒಂದು ಶತಮಾನಕ್ಕೂ ಮಿಕ್ಕಿ ಅಲ್ಲಿ ಜ್ಞಾನಸ್ನಾನ, ಮದುವೆ, ಮಣ್ಣುಗಳು ನಡೆದವು.

ಗೊರೂರಿನ ಕಟ್ಟೆ

ಇಷ್ಟರಲ್ಲಿ ಹೇಮಾವತಿಗೆ ಅಣೆಕಟ್ಟೆಯ ಯೋಜನೆ ಬಂದಿತು. ‘ಹಳ್ಳಿಯ ಚಿತ್ರಗಳು’ ಬರೆದ ರಾಮಸ್ವಾಮಿ ಅಯ್ಯಂಗಾರರ ಊರಾದ ಗೊರೂರಿನಲ್ಲಿ ಕಟ್ಟೆಯ ಕೆಲಸ ನಡೆದು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದಲ್ಲಿ ಸುಮಾರು 37 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಆ ನೀರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಹರಿಯಿತು. ಒಣಗಿದ ನೆಲ ಹಸಿರಾಯಿತು. ಇದು ಸಣ್ಣ ಲಾಭವಲ್ಲ, ಇದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಕಟ್ಟೆಯ ಹಿಂದೆ ನೀರು ನಿಂತದ್ದು ಬರಿಯ ನೆಲದ ಮೇಲಲ್ಲ, ಊರುಗಳ ಮೇಲೆ. ಆ ಊರುಗಳಲ್ಲಿ ಶೆಟ್ಟಿಹಳ್ಳಿಯೂ ಒಂದು. ಜನ ಬೇರೆಡೆಗೆ ತೆರಳಿದರು. ಮನೆಯ ತೊಲೆ, ಬಾಗಿಲು, ಹಂಚುಗಳನ್ನು ಬಂಡಿಯಲ್ಲಿ ಹೇರಬಹುದು. ದೇವಾಲಯವನ್ನು ಹೇರಲು ಬಾರದು, ಹೊಲವನ್ನೂ ಹೇರಲು ಬಾರದು.

ಅಂದಿನಿಂದ ಮಳೆಗಾಲ ಬಂತೆಂದರೆ ದೇವಾಲಯ ನೀರಿಗಿಳಿಯುತ್ತದೆ. ಒಳ್ಳೆಯ ಮಳೆಯಾದ ವರ್ಷ ಜುಲೈಯಿಂದ ಅಕ್ಟೋಬರ್‌ವರೆಗೆ ಗೋಡೆಯ ಮೇಲ್ಭಾಗ ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬುಡದವರೆಗೂ ನಡೆದು ಹೋಗಬಹುದು. ಛಾವಣಿ ಎಂದೋ ಹೋಗಿದೆ. ಗಿಲಾವು ಕಳಚಿ ಇಟ್ಟಿಗೆ ಕಾಣುತ್ತಿದೆ. ವರ್ಷಕ್ಕೊಮ್ಮೆ ನೆನೆದು ವರ್ಷಕ್ಕೊಮ್ಮೆ ಒಣಗುವ ಗೋಡೆ ಎಷ್ಟು ಕಾಲ ತಾಳೀತು? ಆದರೂ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ತಾಳಿಕೊಂಡು ಬಂದಿದೆ.

ಈಗ ಅಲ್ಲಿಗೆ ಬರುವವರು ಪ್ರವಾಸಿಗರು. ‘ತೇಲುವ ಚರ್ಚು’ ಎಂದು ಅದಕ್ಕೆ ಹೆಸರಿಟ್ಟಿದ್ದಾರೆ. ಚಿತ್ರ ತೆಗೆಯುತ್ತಾರೆ, ಸೊಬಗನ್ನು ಕೊಂಡಾಡುತ್ತಾರೆ, ಹೋಗುತ್ತಾರೆ. ಸೊಬಗು ಇರುವುದು ನಿಜವೇ. ಆದರೆ ದೇವಾಲಯ ತೇಲುತ್ತಿಲ್ಲ, ಅದು ನಿಂತಿದೆ. ನಿಂತದ್ದು ನೀರಿನಲ್ಲಲ್ಲ, ಒಂದು ಊರಿನ ನೆಲದಲ್ಲಿ. ಆ ಊರನ್ನು ಮರೆತು ಕಟ್ಟಡವನ್ನು ಮಾತ್ರ ನೋಡುವುದೆಂದರೆ, ಸತ್ತವನ ಹೆಸರನ್ನು ಕೇಳದೆ ಗೋರಿಯ ಕೆತ್ತನೆಯನ್ನು ಹೊಗಳಿದಂತೆ.

ಗಲಿಲೇಯದ ಒಂದು ಬೆಟ್ಟ

ಈಗ ದೂರದ ಊರಿನ ಮಾತು. ಇಕ್ರಿತ್ ಇದ್ದುದು ಮೇಲಣ ಗಲಿಲೇಯದಲ್ಲಿ, ಲೆಬನಾನಿನ ಗಡಿಗೆ ಸಮೀಪದ ಒಂದು ಬೆಟ್ಟದ ಮೇಲೆ. ಕಲ್ಲು ಬೆರೆತ ಇಳಿಜಾರು ನೆಲ. ಓಲಿವ್, ಅಂಜೂರ, ಗೋಧಿ, ಹೊಗೆಸೊಪ್ಪು ಅವರ ಬೆಳೆಗಳು. 1945ರ ಲೆಕ್ಕದಂತೆ ಜನಸಂಖ್ಯೆ 490, ಅಂದರೆ ನಮ್ಮ ಕಡೆಯ ಒಂದು ಸಣ್ಣ ಹಳ್ಳಿಯಷ್ಟು. ಅವರಲ್ಲಿ ಬಹುಪಾಲು ಮೆಲ್ಕೈಟ್ ಕಥೋಲಿಕರು, ಎಂದರೆ ಅರಬ್ಬಿ ಮಾತನಾಡುತ್ತ, ಪೂರ್ವದ ಗ್ರೀಕ್ ಪೂಜಾವಿಧಿಯನ್ನು ಅನುಸರಿಸುತ್ತ, ರೋಮಿನ ಜಗದ್ಗುರುಗಳೊಡನೆ ಒಂದಾಗಿರುವವರು. ಪ್ಯಾಲೆಸ್ತೀನಿಯರೆಂದರೆ ಮುಸಲ್ಮಾನರು ಮಾತ್ರವೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಹಲವರಿಗಿದೆ. ಪ್ರಭುವಿನ ನಾಡಿನಲ್ಲಿ ಆದಿಯಿಂದಲೂ ಕ್ರೈಸ್ತ ಒಕ್ಕಲಿಗರು ಇದ್ದಾರೆ.

1948ರ ಯುದ್ಧದಲ್ಲಿ ಇಸ್ರೇಲಿನ ಸೇನೆ ಅಕ್ಟೋಬರ್ ಕೊನೆಗೆ ಇಕ್ರಿತ್ತನ್ನು ತಲುಪಿತು. ಊರವರು ಹೋರಾಡಲಿಲ್ಲ. ನವೆಂಬರಿನಲ್ಲಿ ಅವರನ್ನು ತೆಂಕಣ ರಾಮೆ ಎಂಬ ಊರಿಗೆ ಸಾಗಿಸಲಾಯಿತು. ಎರಡು ವಾರ ಕಳೆದ ಮೇಲೆ ಮರಳಬಹುದೆಂದು ಮಾತು ಕೊಡಲಾಗಿತ್ತು. ಎರಡು ವಾರ ಕಳೆಯಿತು, ಎರಡು ವರ್ಷ ಕಳೆಯಿತು. ಜನ ಕಲ್ಲೆತ್ತಲಿಲ್ಲ, ನ್ಯಾಯಾಲಯದ ಮೆಟ್ಟಿಲೇರಿದರು. 1951ರ ಜುಲೈ ತಿಂಗಳಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವೇ ಅವರ ಪರವಾಗಿ ತೀರ್ಪಿತ್ತಿತು. ಆದರೆ ಅದೇ ವರ್ಷ ಡಿಸೆಂಬರ್ 24ರಂದು, ಕ್ರಿಸ್ತಜಯಂತಿಯ ಮುನ್ನಾದಿನ, ಸೇನೆ ಊರಿನ ಮನೆಗಳನ್ನು ಸಿಡಿಮದ್ದಿನಿಂದ ಉರುಳಿಸಿತು. ದೇವಾಲಯ ಮತ್ತು ಸಮಾಧಿಭೂಮಿ ಉಳಿದವು. ನೆರೆಯ ಮಾರೋನೈಟ್ ಕಥೋಲಿಕರ ಬಿರಿಮ್ ಗ್ರಾಮಕ್ಕೂ ಇದೇ ಗತಿಯಾಯಿತು. 1953ರ ಸೆಪ್ಟೆಂಬರಿನಲ್ಲಿ ಅದನ್ನು ವಿಮಾನಗಳಿಂದ ಕೆಡವಲಾಯಿತು. ಅಲ್ಲಿಯೂ ದೇವಾಲಯ ಉಳಿಯಿತು. ಮುಂದೆ ಮೆಲ್ಕೈಟ್ ಮಹಾಧರ್ಮಾಧ್ಯಕ್ಷರಾದ ಎಲಿಯಾಸ್ ಶಕೂರ್ ಅವರು ಆ ಬಿರಿಮ್ ಗ್ರಾಮದ ರೈತರ ಮನೆಯ ಮಗ.

ಇಕ್ರಿತ್ತಿನವರು ಇಸ್ರೇಲಿನ ಪ್ರಜೆಗಳಾಗಿಯೇ ಉಳಿದರು. ತೆರಿಗೆ ಕಟ್ಟಿದರು, ಮತ ಹಾಕಿದರು, ಆದರೆ ತಮ್ಮ ಊರಿನಲ್ಲಿ ಬಾಳುವಂತಿಲ್ಲ. 1972ರಲ್ಲಿ ಮಹಾಧರ್ಮಾಧ್ಯಕ್ಷ ಜೋಸೆಫ್ ರಾಯಾ ಅವರು ಈ ಎರಡು ಊರುಗಳ ಪರವಾಗಿ ಮೆರವಣಿಗೆ ನಡೆಸಿದರು. ಅವರ ಜೊತೆ ಅನೇಕ ಯೆಹೂದ್ಯರೂ ನಡೆದರೆಂಬುದನ್ನು ಮರೆಯಬಾರದು. 2003ರಲ್ಲಿ ಭದ್ರತೆಯ ಕಾರಣದಿಂದ ನ್ಯಾಯಾಲಯ ಅವರ ಮನವಿಯನ್ನು ತಳ್ಳಿಹಾಕಿತು. ಆದರೂ ಅವರ ಮಕ್ಕಳು ಮೊಮ್ಮಕ್ಕಳು ಉಳಿದ ದೇವಾಲಯದಲ್ಲಿ ಕೂಡಿ ಪೂಜೆಯಲ್ಲಿ ಪಾಲ್ಗೊಳ್ಳುತ್ತ ಬಂದಿದ್ದಾರೆ. ಸತ್ತವರನ್ನು ಅದೇ ಊರಿನ ನೆಲಕ್ಕೆ ಒಪ್ಪಿಸುತ್ತಾರೆ. ಬದುಕಿರುವಾಗ ಸಿಗದ ಊರು ಸತ್ತ ಮೇಲೆ ಸಿಗುತ್ತದೆ.

ಎರಡು ಬಗೆಯ ನ್ಯಾಯ

ಇವೆರಡರ ನಡುವಣ ಅಂತರವನ್ನು ಮೊದಲು ಸ್ಪಷ್ಟವಾಗಿ ಹೇಳಬೇಕು. ಇಕ್ರಿತ್ತಿನವರನ್ನು ಹೊರಡಿಸಿದ್ದು ಸೇನೆ. ಕೊಟ್ಟ ಮಾತು ಮುರಿಯಿತು, ನ್ಯಾಯಾಲಯದ ತೀರ್ಪು ಕೈಗೂಡಲಿಲ್ಲ. ಶೆಟ್ಟಿಹಳ್ಳಿಯವರನ್ನು ಹೊರಡಿಸಿದ್ದು ಜನಹಿತಕ್ಕಾಗಿ ಮಾಡಿದ ಯೋಜನೆ, ಕಾನೂನಿನ ಮೂಲಕ. ಅಲ್ಲಿ ದ್ವೇಷವಿರಲಿಲ್ಲ. ಧರ್ಮದ ಹೆಸರಿನಲ್ಲಿ ಆಯ್ಕೆಯೂ ನಡೆಯಲಿಲ್ಲ. ನೀರಿಗೆ ಜಾತಿಯಿಲ್ಲ, ಅದು ಎಲ್ಲರ ಹೊಲವನ್ನೂ ಮುಚ್ಚಿತು. ಈ ಅಂತರವನ್ನು ಅಳಿಸಿ ಮಾತನಾಡುವುದು ಸತ್ಯಕ್ಕೆ ಅಪಚಾರ.

ಆದರೆ ಕೇಡೆಣಿಸದೆ ಮಾಡಿದ ಕೆಲಸದಲ್ಲಿ ಅನ್ಯಾಯವಿರಲಾರದೆಂದು ತಿಳಿಯುವುದೂ ತಪ್ಪು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು ನ್ಯಾಯದಲ್ಲಿ ಎರಡು ಬಗೆಗಳನ್ನು ಗುರುತಿಸುತ್ತಾರೆ. ಒಂದು ವಿನಿಮಯದ ನ್ಯಾಯ. ತೆಗೆದುಕೊಂಡದ್ದಕ್ಕೆ ಸಮನಾದ ಬೆಲೆಯನ್ನು ಕೊಡುವುದು ಅದರ ಲಕ್ಷಣ. ಮತ್ತೊಂದು ಹಂಚಿಕೆಯ ನ್ಯಾಯ. ಸಮಾಜದ ಲಾಭವನ್ನೂ ಭಾರವನ್ನೂ ಸದಸ್ಯರ ನಡುವೆ ತಕ್ಕ ಪ್ರಮಾಣದಲ್ಲಿ ಹಂಚುವುದು ಅದರ ಲಕ್ಷಣ. ಭೂಸ್ವಾಧೀನದ 1894ರ ಕಾನೂನು ಮೊದಲನೆಯದನ್ನು ಮಾತ್ರ ಬಲ್ಲದು. ನೆಲದ ಮಾರುಕಟ್ಟೆ ಬೆಲೆ, ಅದರ ಮೇಲೆ ನೂರಕ್ಕೆ 15ರಷ್ಟು ಸಮಾಧಾನಧನ. ಈ 15ನ್ನು 30ಕ್ಕೆ ಏರಿಸಿದ್ದು 1984ರಲ್ಲಿ, ಗೊರೂರಿನ ಕಟ್ಟೆ ಮುಗಿದು ಐದು ವರ್ಷವಾದ ಬಳಿಕ. ನೆಲದಲ್ಲಿ ಯಾವ ಹಕ್ಕೂ ಇಲ್ಲದ ಕೂಲಿಯವನಿಗೆ ಮರುವಸತಿ ಕಲ್ಪಿಸಬೇಕೆಂಬ ಕಟ್ಟುಪಾಡು ಆ ಕಾನೂನಿನಲ್ಲಿರಲಿಲ್ಲ. ಅವನಿಗೆ ಉತಾರವಿಲ್ಲ, ಆದುದರಿಂದ ಅವನ ನಷ್ಟ ನಷ್ಟವೇ ಅಲ್ಲ ಎಂಬಂತಾಯಿತು. 2013ರ ಹೊಸ ಕಾನೂನು, 2014ರ ಜನವರಿ 1ರಿಂದ ಜಾರಿಗೆ ಬಂದು, ಕೂಲಿಕಾರರನ್ನೂ ಗೇಣಿದಾರರನ್ನೂ ಬಾಧಿತ ಕುಟುಂಬಗಳೆಂದು ಗುರುತಿಸಿತು. ಯೋಜನೆಯಿಂದ ಸಮಾಜದ ಮೇಲಾಗುವ ಪರಿಣಾಮವನ್ನು ಮುಂಚೆಯೇ ಪರಿಶೀಲಿಸಬೇಕೆಂದೂ ವಿಧಿಸಿತು. ಒಳ್ಳೆಯದೇ. ಆದರೆ ಈ ತಿಳಿವಿಗೆ ನಾವು 119 ವರ್ಷ ತೆಗೆದುಕೊಂಡೆವು.

ಬೆಲೆ ಕೊಟ್ಟರೆ ಎಲ್ಲವೂ ತೀರಿತೆಂಬ ಭಾವನೆಗೆ ಪವಿತ್ರ ಬೈಬಲಿನಲ್ಲಿ ಹಳೆಯ ಉತ್ತರವೊಂದಿದೆ. ಅರಸುಗಳ ಮೊದಲನೆಯ ಗ್ರಂಥದಲ್ಲಿ ಬರುವ ನಾಬೋತನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ಅದರಲ್ಲಿನ ಒಂದು ಅಂಶ ಹಲವರ ಗಮನಕ್ಕೆ ಬರುವುದಿಲ್ಲ. ಅರಸ ಆಹಾಬನು ಮೊದಲಿಗೆ ದ್ರಾಕ್ಷಿತೋಟವನ್ನು ಕಿತ್ತುಕೊಳ್ಳಲಿಲ್ಲ. ಅದಕ್ಕಿಂತ ಒಳ್ಳೆಯ ತೋಟವನ್ನು ಕೊಡುವೆನೆಂದನು, ಬೇಡವಾದರೆ ಹಣವನ್ನು ಕೊಡುವೆನೆಂದನು. ವಿನಿಮಯದ ಲೆಕ್ಕದಲ್ಲಿ ಅದು ನ್ಯಾಯವಾದ ಮಾತೇ. ನಾಬೋತನು ಒಪ್ಪಲಿಲ್ಲ, ಏಕೆಂದರೆ ಅದು ಅವನಿಗೆ ಪಿತೃಗಳಿಂದ ಬಂದ ನೆಲ. ಅರಸನಿಗೆ ಅದು ಅರಮನೆಯ ಬಳಿಯ ಕಾಯಿಪಲ್ಯದ ತೋಟಕ್ಕೆ ತಕ್ಕ ಜಾಗ, ನಾಬೋತನಿಗೆ ಅದು ತಾನು ಯಾರೆಂಬುದರ ಒಂದು ಭಾಗ. ಇಬ್ಬರೂ ಒಂದೇ ನೆಲವನ್ನು ಕುರಿತು ಮಾತನಾಡುತ್ತಿದ್ದರೂ ಒಂದೇ ವಸ್ತುವನ್ನು ಕುರಿತು ಮಾತನಾಡುತ್ತಿರಲಿಲ್ಲ.

ಹಾಗಾದರೆ ಕಟ್ಟೆ ಕಟ್ಟಲೇಬಾರದೆ? ಹಾಗೆಂದು ನಾವು ಹೇಳುವುದಿಲ್ಲ. ತುಮಕೂರಿನ ಒಣಭೂಮಿಯ ರೈತನ ಮಕ್ಕಳೂ ದೇವರ ಮಕ್ಕಳೇ. ಸಮಾಜದ ಒಳಿತಿಗಾಗಿ ಕೆಲವರು ಕಳೆದುಕೊಳ್ಳಬೇಕಾದ ಸಂದರ್ಭಗಳು ಬರುತ್ತವೆ. ಆದರೆ ಕಳೆದುಕೊಂಡವರು ಯಾರೆಂಬುದನ್ನು ಪಡೆದವರು ತಿಳಿದಿರಬೇಕು. ಭಾರ ಹೊತ್ತವರಿಗೆ ಲಾಭದಲ್ಲಿ ಪಾಲಿರಬೇಕು. ಬೆಲೆ ಕೊಟ್ಟಾಯಿತೆಂದು ಋಣ ತೀರಿತೆಂದುಕೊಳ್ಳಬಾರದು. ಹಂಚಿಕೆಯ ನ್ಯಾಯ ಕೇಳುವುದು ಇಷ್ಟನ್ನೇ.

ನಮ್ಮ ಸೀಮೆಗೆ ಇದರಿಂದ ಏನು?

ಹಾಸನದ ಮಾತು, ಗಲಿಲೇಯದ ಮಾತು ನಮಗೇಕೆ ಎಂದು ಓದುಗರು ಕೇಳಬಹುದು. ಆದರೆ ನಮ್ಮ ನೆರೆಯನ್ನು ನೋಡಿರಿ. ಹಾನಗಲ್ಲಿನ ಗದ್ದೆಗಳಿಗೆ ಮುಂಡಗೋಡಿನ ಕಡೆಯ ಧರ್ಮಾ ಜಲಾಶಯದಿಂದ ನೀರು ಬರುತ್ತದೆ. ಗಾಜನೂರಿನಿಂದ ತುಂಗಾ ಮೇಲ್ದಂಡೆಯ ಕಾಲುವೆ ಹಾವೇರಿ ಜಿಲ್ಲೆಯ ಹೊಲಗಳಿಗೆ ಬಂದಿದೆ. ನಮ್ಮ ವರದಾ ನದಿ ಹುಟ್ಟುವ ಸಾಗರ ತಾಲೂಕಿನಲ್ಲಿಯೇ 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಪೂರ್ಣಗೊಂಡು ಶರಾವತಿ ಕಣಿವೆಯ ಒಕ್ಕಲುಗಳು ಎದ್ದು ಹೋದವು. ಅಲ್ಲಿನ ಬೆಳಕು ನಾಡಿನೆಲ್ಲೆಡೆಯ ಮನೆಗಳಿಗೆ ಬಂದಿತು. ಕಳೆದುಕೊಂಡ ಅನೇಕ ಕುಟುಂಬಗಳು ತಾವು ನೆಲೆಸಿದ ಜಾಗದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ಶಿಗ್ಗಾವಿಗೆ ಹೊಂದಿದ ಮುಂಡಗೋಡಿನಲ್ಲಿ 1966ರಿಂದ ಟಿಬೇಟಿನ ನಿರಾಶ್ರಿತರು ಹೊಲ ಮಾಡಿಕೊಂಡು ಬಾಳುತ್ತಿದ್ದಾರೆ. ಸಂತೆಯಲ್ಲಿ ಅವರನ್ನು ಕಾಣದವರು ನಮ್ಮಲ್ಲಿ ಕಡಿಮೆ. ಅವರಿಗೂ ಬಿಟ್ಟುಬಂದ ಒಂದು ಊರಿದೆ. ನಾವು ಕುಡಿಯುವ ನೀರಿನಲ್ಲಿ, ಉಣ್ಣುವ ಅನ್ನದಲ್ಲಿ, ಹಚ್ಚುವ ದೀಪದಲ್ಲಿ ಯಾರೋ ಬಿಟ್ಟುಕೊಟ್ಟ ಹೊಲದ ಪಾಲಿದೆ.

ಈ ಋಣವನ್ನು ತೀರಿಸುವುದು ಸರಕಾರದ ಕೆಲಸವೆಂದು ಕೈತೊಳೆದುಕೊಳ್ಳುವುದು ಸುಲಭ. ಸರಕಾರದ ಕೆಲಸ ಇದ್ದೇ ಇದೆ. ಆದರೆ ನಮ್ಮ ಕುಟುಂಬಗಳು ಮಾಡಬಹುದಾದದ್ದೂ ಇದೆ. ಮೊದಲನೆಯದಾಗಿ, ನಮ್ಮ ಮಕ್ಕಳನ್ನು ಶೆಟ್ಟಿಹಳ್ಳಿಗೆ ಪ್ರವಾಸಕ್ಕೆ ಕರೆದೊಯ್ಯುವ ಶಾಲೆಗಳಿವೆ, ಪಾಲಕರಿದ್ದಾರೆ. ಹೋಗುವುದು ಒಳ್ಳೆಯದೇ. ಹೋದಾಗ ಗೋಪುರವನ್ನು ತೋರಿಸುವುದರ ಜೊತೆಗೆ, ಇಲ್ಲಿ ಹೊಲಗಳಿದ್ದವು, ಇಲ್ಲಿಂದ ಎದ್ದು ಹೋದವರಿದ್ದಾರೆ ಎಂದೂ ಹೇಳಬೇಕು. ಸಾಧ್ಯವಾದರೆ ಆ ಊರಿನಿಂದ ಹೋದ ಹಿರಿಯರೊಬ್ಬರ ಮಾತನ್ನು ಕೇಳಿಸಬೇಕು. ಕಟ್ಟೆ ಮುಗಿದಾಗ ಇಪ್ಪತ್ತರ ಪ್ರಾಯದವರಾಗಿದ್ದವರು ಈಗ ಅರವತ್ತನ್ನು ದಾಟಿದ್ದಾರೆ. ಕೇಳುವ ಕಾಲ ಬಹಳ ಉಳಿದಿಲ್ಲ.

ಎರಡನೆಯದಾಗಿ, ನಮ್ಮ ನಮ್ಮ ಊರಿನ ಹೊಲಗಳ ಹೆಸರುಗಳನ್ನು ಬರೆದಿಡಬೇಕು. ಉತಾರದಲ್ಲಿ ಸರ್ವೆ ನಂಬರು ಮಾತ್ರ ಇರುತ್ತದೆ. ಆದರೆ ಪ್ರತಿಯೊಂದು ಹೊಲಕ್ಕೂ, ಬಾವಿಗೂ, ಹಳ್ಳಕ್ಕೂ, ಒಂಟಿ ಮರಕ್ಕೂ ಅಜ್ಜ ಅಜ್ಜಿಯರ ಬಾಯಲ್ಲಿ ಒಂದು ಹೆಸರಿದೆ, ಹೆಸರಿನ ಹಿಂದೆ ಒಂದು ಕಾರಣವಿದೆ. ಇಕ್ರಿತ್ತಿನವರ ಮೊಮ್ಮಕ್ಕಳು, ಆ ಊರಿನಲ್ಲಿ ಒಂದು ದಿನವೂ ಬಾಳದವರು, ಊರಿನ ನೆನಪನ್ನು ಕಾಪಾಡಿಕೊಂಡು ಬಂದದ್ದು ಹಿರಿಯರು ಹೇಳಿಕೊಟ್ಟಿದ್ದರಿಂದ. ನಮ್ಮ ಊರುಗಳು ಇನ್ನೂ ನಮ್ಮ ಕಾಲ ಕೆಳಗಿವೆ. ಇರುವಾಗಲೇ ಬರೆದುಕೊಂಡರೆ ಕೆಲಸ ಸುಲಭ. ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕದ ಪಕ್ಕದಲ್ಲಿ ಇಂತಹ ಇನ್ನೊಂದು ಪುಸ್ತಕ ಇದ್ದರೆ ಯಾವ ಗುರುಗಳೂ ಬೇಡವೆನ್ನಲಾರರು.

ಮೂರನೆಯದು ಪ್ರಾರ್ಥನೆ. ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ನಮ್ಮವರ ಸಮಾಧಿಗಳಿಗೆ ನಾವು ಹೂವು ಒಯ್ಯುತ್ತೇವೆ, ಮೇಣದ ಬತ್ತಿ ಹಚ್ಚುತ್ತೇವೆ. ಜಲಾಶಯದ ನೀರು ಇನ್ನೂ ಇಳಿದಿರದ ದಿನಗಳು ಅವು. ಹಿರಿಯರನ್ನು ಮಣ್ಣು ಮಾಡಿದ ನೆಲಕ್ಕೆ ನಡೆದು ಹೋಗಲಾರದವರು ಶರಾವತಿಯ ಕಡೆಯೂ ಇದ್ದಾರೆ, ಹೇಮಾವತಿಯ ಕಡೆಯೂ ಇದ್ದಾರೆ, ಎಲ್ಲ ಜಾತಿ ಧರ್ಮಗಳಲ್ಲೂ ಇದ್ದಾರೆ. ಮುಂದಿನ ನವೆಂಬರಿನಲ್ಲಿ ಪ್ರತಿಯೊಂದು ಕುಟುಂಬವೂ ತನ್ನವರಿಗೆ ಹಚ್ಚಿದ ಬತ್ತಿಗಳ ಜೊತೆ ಅವರ ಹಿರಿಯರಿಗಾಗಿ ಇನ್ನೊಂದನ್ನು ಹಚ್ಚಲಿ ಎಂಬುದು ನಮ್ಮ ವಿನಂತಿ.